ಆಟಿಸಂ ಇರುವ ಮಗುವಿಗೆ ಮನೆಯವರು ಏನು ಮಾಡಬಹುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗನಿಗೆ ಈಗ ಹನ್ನೊಂದು ವರ್ಷ. ಮೂರು ತುಂಬುವ ಮುಂಚೆ ಅವನಿಗೆ ಆಟಿಸಂ ಇದೆ ಅಂತ ಗೊತ್ತಾಯಿತು, ಅಂದರೆ ಮಾತು, ಜನರ ಜೊತೆ ಬೆರೆಯುವುದು, ನಡವಳಿಕೆ ಬೇರೆ ಮಕ್ಕಳಿಗಿಂತ ಬೇರೆ ರೀತಿ ಇರುವ ಸ್ಥಿತಿ. ದಾವಣಗೆರೆಯಲ್ಲಿ ನಮ್ಮದು ಬೀಜ ಗೊಬ್ಬರದ ಅಂಗಡಿ. ಇಂಥ ಮಕ್ಕಳಿಗೆ ಮಾತು, ಆಟ, ದಿನದ ಕೆಲಸ ಕಲಿಸುವ ಥೆರಪಿ ಸೆಂಟರಿನ ಹೊರಗೆ ಬೆಂಚಿನ ಮೇಲೆ ಕೂತು ಇಷ್ಟು ವರ್ಷದಲ್ಲಿ ಎಷ್ಟೋ ಅಪ್ಪ ಅಮ್ಮಂದಿರ ಜೊತೆ ಮಾತಾಡಿದ್ದೇನೆ. ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬೆಳಿಗ್ಗೆ ಬೇಗನೆ ಬಸ್ ಹತ್ತಿ ಬರುವವರು. ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು, ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ, ಪರೀಕ್ಷೆ ವಿಷಯ ಡಾಕ್ಟರನ್ನೇ ಕೇಳಿ. ಮನೆಯಲ್ಲಿ ಏನು ಮಾಡಬಹುದು ಅನ್ನುವುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಎರಡು ವರ್ಷ ಆಯಿತು, ಮಾತು ಬಂದಿಲ್ಲ. "ಗಂಡು ಮಕ್ಕಳಿಗೆ ಮಾತು ತಡ" ಅಂತಾರೆ ಎಲ್ಲರೂ. ಕಾಯಬಹುದಾ?

ಕಾಯಬೇಡಿ. ನಮಗೂ ಇದೇ ಮಾತು ಹೇಳಿದರು, ಮನೆಯವರಷ್ಟೇ ಅಲ್ಲ, ಒಬ್ಬ ಡಾಕ್ಟರೂ ಹೇಳಿದರು, ನಾವು ಹತ್ತು ತಿಂಗಳು ಸುಮ್ನೆ ಕೂತೆವು. ಆ ಹತ್ತು ತಿಂಗಳು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಾತು ಒಂದನ್ನೇ ನೋಡಬೇಡಿ. ಒಂದು ವರ್ಷ ತುಂಬಿದ ಮಗು ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದಾ? ಒಂದೂವರೆ ವರ್ಷಕ್ಕೆ ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತದಾ? ಕಾಗೆ ಕಂಡರೆ "ನೋಡು" ಅನ್ನೋ ಹಾಗೆ ನಿಮ್ಮ ಮುಖ ನೋಡುತ್ತದಾ? ಎರಡು ವರ್ಷಕ್ಕೆ "ಅವ್ವ ಬಾ", "ಹಾಲು ಬೇಕು" ಅಂತ ಎರಡು ಪದ ಸೇರಿಸುತ್ತದಾ? ಇವು ಇಲ್ಲದಿದ್ದರೆ ತೋರಿಸಬೇಕು. ಬಂದಿದ್ದ ಮಾತು ನಿಂತುಹೋದರೆ ಅಂತೂ ಯಾವ ವಯಸ್ಸಾದರೂ ಸರಿ, ಆ ವಾರವೇ ತೋರಿಸಿ. ನಮ್ಮವನು "ಅಪ್ಪ", "ಆನೆ" ಅನ್ನುತ್ತಿದ್ದ, ಒಂದೂವರೆ ವರ್ಷದ ಹೊತ್ತಿಗೆ ಅವೆರಡೂ ಹೋದವು. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಡಬ್ಬಿಯ ಮೇಲೆ ನನ್ನ ಕೈ ಇಡುತ್ತಿದ್ದ. ಎಷ್ಟು ಜಾಣ ಅಂದುಕೊಂಡಿದ್ದೆವು. ಅದೂ ಒಂದು ಗುರುತು ಅಂತ ಆಮೇಲೆ ತಿಳಿಯಿತು.

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲ ಅಲ್ವಾ. ಆಟಿಸಂ ಕಂಡುಹಿಡಿಯಲು ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗುವನ್ನು ಆಡಿಸಿ ನೋಡಿ, ನಿಮ್ಮನ್ನು ಕೂರಿಸಿಕೊಂಡು ಕೇಳಿ ಹೇಳುತ್ತಾರೆ. ಅದಕ್ಕೇ ಮನೆಯಲ್ಲಿ ಮಗು ಹೇಗಿರುತ್ತದೆ ಅಂತ ಮೊಬೈಲಿನಲ್ಲಿ ನಾಲ್ಕೈದು ವಿಡಿಯೊ ತೆಗೆದುಕೊಂಡು ಹೋಗಿ.

ಇದು ನಮ್ಮ ತಪ್ಪಿನಿಂದ ಬಂತಾ? ಬಸುರಿಯಲ್ಲಿ ಏನಾದರೂ ತಿಂದಿದ್ದಕ್ಕಾ, ಲಸಿಕೆ ಹಾಕಿಸಿದ್ದಕ್ಕಾ?

ಇಲ್ಲ. ಈ ಪ್ರಶ್ನೆಯನ್ನು ಅಮ್ಮಂದಿರೇ ಜಾಸ್ತಿ ಕೇಳುತ್ತಾರೆ, ಅದೂ ಸಣ್ಣ ದನಿಯಲ್ಲಿ, ಅತ್ತೆ ಆ ಕಡೆ ಹೋದ ಮೇಲೆ.

1943ರಲ್ಲಿ ಲಿಯೋ ಕ್ಯಾನರ್ ಅನ್ನುವ ಡಾಕ್ಟರ್ ಅಮೆರಿಕದಲ್ಲಿ ಹನ್ನೊಂದು ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದರು. ಆಮೇಲೆ ಎರಡು ಮೂರು ದಶಕ ಅಲ್ಲೂ ತಾಯಿಯನ್ನೇ ದೂರಿದರು. ತಾಯಿಗೆ ಪ್ರೀತಿ ಇಲ್ಲ, ಅದಕ್ಕೇ ಮಗು ಹೀಗೆ ಅಂದರು. ಅದು ಸುಳ್ಳು ಅಂತ ಯಾವತ್ತೋ ತೀರ್ಮಾನ ಆಗಿದೆ. ಆಟಿಸಂ ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಅವಳಿ ಮಕ್ಕಳನ್ನು ನೋಡಿ ಮಾಡಿದ ಅಧ್ಯಯನಗಳಲ್ಲಿ ವಂಶವಾಹಿಗಳ ಪಾಲೇ ದೊಡ್ಡದು ಅಂತ ಕಂಡಿದೆ. ದಡಾರದ ಲಸಿಕೆಯಿಂದ ಆಟಿಸಂ ಅನ್ನುವ ಮಾತು ಶುರುವಾಗಿದ್ದು 1998ರಲ್ಲಿ, ಇಂಗ್ಲೆಂಡಿನ ಒಬ್ಬ ಡಾಕ್ಟರ್ ಬರೆದ ಲೇಖನದಿಂದ. ಆ ಲೇಖನವನ್ನು 2010ರಲ್ಲಿ ಪತ್ರಿಕೆಯೇ ವಾಪಸ್ ತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷ ಮಕ್ಕಳ ದಾಖಲೆ ನೋಡಿ 2019ರಲ್ಲಿ ಆ ಲಸಿಕೆಗೂ ಆಟಿಸಂಗೂ ಸಂಬಂಧ ಇಲ್ಲ ಅಂತ ಹೇಳಿದ್ದಾರೆ. ಹಾಗಾಗಿ ಎರಡನೇ ಮಗುವಿಗೆ ದಡಾರದ ಲಸಿಕೆ ತಪ್ಪಿಸಬೇಡಿ.

ಯಾರಾದರೂ ನಿಮ್ಮ ಹೆಂಡತಿಗೆ "ನಿನ್ನಿಂದಲೇ" ಅಂದರೆ ಅಲ್ಲೇ ತಡೆಯಿರಿ. ಅದು ಗಂಡನ ಕೆಲಸ. ನಾನು ಒಂದೆರಡು ಸಲ ಸುಮ್ಮನಿದ್ದೆ, ಹಾಗೆ ಇರಬಾರದಿತ್ತು.

ಮೊಬೈಲ್ ಕೊಟ್ಟಿದ್ದಕ್ಕೆ ಆಟಿಸಂ ಬಂತು ಅಂತಾರಲ್ಲ?

ಮೊಬೈಲಿನಿಂದ ಆಟಿಸಂ ಬರುವುದಿಲ್ಲ. ಆದರೆ ಮೊಬೈಲ್ ನೋಡುತ್ತಾ ಕೂತ ಮಗುವಿಗೆ ನಿಮ್ಮ ಜೊತೆ ಆಡುವ ಹೊತ್ತು ಇರುವುದಿಲ್ಲ, ಅದೇ ನಷ್ಟ. ಎರಡು ವರ್ಷದ ಒಳಗೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದೇ ದಿನ ಕಿತ್ತುಕೊಂಡರೆ ಮನೆ ರಣರಂಗ ಆಗುತ್ತದೆ. ನಾವು ಮೊದಲು ಊಟದ ಹೊತ್ತಿನ ಮೊಬೈಲ್ ನಿಲ್ಲಿಸಿದೆವು, ಒಂದು ತಿಂಗಳು ಬಿಟ್ಟು ಸಂಜೆಯದ್ದು.

ದಾವಣಗೆರೆಯಲ್ಲಿ ಎಲ್ಲಿಗೆ ಹೋಗಬೇಕು?

ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ. ಜನ ಸಿಆರ್‌ಸಿ ಅನ್ನುತ್ತಾರೆ. ಶಾಲೆಗಳ ಸಿಆರ್‌ಸಿ ಬೇರೆ, ಇದು ಬೇರೆ, ಆಟೊದವರಿಗೆ ಅದನ್ನು ಬಿಡಿಸಿ ಹೇಳಿ. ಬುದ್ಧಿ, ಮಾತು, ನಡೆ, ಕೇಳುವಿಕೆ ಎಲ್ಲದರ ಪುನರ್ವಸತಿ ನೋಡುವ ಕೇಂದ್ರ ಅದು. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದಲ್ಲೂ ಮನೋವೈದ್ಯರಲ್ಲೂ ಕೇಳಬಹುದು. ಹಳ್ಳಿಯಲ್ಲಿದ್ದರೆ ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡದ ಡಾಕ್ಟರಿಗೆ ತೋರಿಸಿ, ಅವರು ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಕಾಗದಪತ್ರದ ಕೆಲಸಕ್ಕೆ ಅವರನ್ನು ಹಿಡಿದುಕೊಳ್ಳಿ.

ಇಲ್ಲಿ ಸಂಶಯ ಉಳಿದರೆ ಬೆಂಗಳೂರಿನ ನಿಮ್ಹಾನ್ಸ್, ಇಲ್ಲವೇ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ. ಎರಡೂ ಸರ್ಕಾರದವು. ಆದರೆ ದೊಡ್ಡ ಊರಿಗೆ ಹೋಗಿ ಬಂದರೆ ಕೆಲಸ ಮುಗಿಯಿತು ಅಂತ ತಿಳಿಯಬೇಡಿ. ಅಲ್ಲಿ ದಾರಿ ತೋರಿಸುತ್ತಾರೆ, ನಡೆಯುವುದು ಮನೆಯಲ್ಲಿ.

ವಾರಕ್ಕೆ ಮೂರು ದಿನ ಥೆರಪಿಗೆ ಕಳಿಸುತ್ತಿದ್ದೇವೆ. ನಾವು ಬೇರೆ ಏನು ಮಾಡುವುದಿದೆ?

ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಲೆಕ್ಕ ಹಾಕಿ. ಮುಕ್ಕಾಲು ಗಂಟೆಯ ಥೆರಪಿ ವಾರಕ್ಕೆ ಮೂರು ಸಲ ಅಂದರೆ ಎರಡೂಕಾಲು ಗಂಟೆ. ಮಗು ದಿನಕ್ಕೆ ಹನ್ನೆರಡು ಗಂಟೆ ಎಚ್ಚರ ಇದ್ದರೆ ವಾರಕ್ಕೆ 84 ಗಂಟೆ. ಮಿಕ್ಕ 82 ಗಂಟೆ ಅದು ಯಾರ ಜೊತೆ ಇರುತ್ತದೆ? ನಾನು ಒಂದು ವರ್ಷ ಪೂರ್ತಿ ಬಾಗಿಲ ಹೊರಗೆ ಕೂತು ಫೋನಿನಲ್ಲಿ ವ್ಯಾಪಾರ ಮಾತಾಡಿದೆ. ಒಂದು ದಿನ ಥೆರಪಿ ಮಾಡುವ ಮೇಡಂ ಹೊರಗೆ ಬಂದು, "ಸಾರ್, ಒಳಗೆ ಬನ್ನಿ, ನಾನು ಮಾಡುವುದನ್ನು ನೋಡಿ, ನಾಳೆಯಿಂದ ನೀವು ಮಾಡಿ" ಅಂದರು. ಅವತ್ತಿನಿಂದಲೇ ನಮ್ಮ ಮಗನ ನಿಜವಾದ ಥೆರಪಿ ಶುರುವಾಯಿತು ಅಂತ ನನ್ನ ನಂಬಿಕೆ.

ಅಪ್ಪ ಅಮ್ಮನಿಗೆ ಕಲಿಸಿದರೆ ಮಗುವಿಗೆ ಉಪಯೋಗ ಆಗುತ್ತದಾ ಅಂತ ನಮ್ಮ ಕಡೆಯೇ ಪರೀಕ್ಷೆ ಮಾಡಿದ್ದಾರೆ. ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ 65 ಮಕ್ಕಳ ಮನೆಯವರನ್ನು ತೆಗೆದುಕೊಂಡು, ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರಿಂದ ಕೆಲವು ಮನೆಗಳಿಗೆ ಆರು ತಿಂಗಳು ಕಲಿಸಿದರು. ಫಲಿತಾಂಶ 2016ರಲ್ಲಿ ಬಂತು. ಕಲಿತ ಅಪ್ಪ ಅಮ್ಮಂದಿರು ಮಗುವಿನ ತಾಳಕ್ಕೆ ಸರಿಯಾಗಿ ಪ್ರತಿಕ್ರಿಯಿಸುವುದು ಹೆಚ್ಚಾಯಿತು, ಮಗು ತಾನಾಗಿ ಮುಂದೆ ಬಂದು ಹೇಳುವುದೂ ಹೆಚ್ಚಾಯಿತು. ಅಲ್ಲಿ ಮಾಡಿದ್ದು ಏನು ಗೊತ್ತಾ? ಅಮ್ಮ ಮಗು ಆಡುವುದನ್ನು ವಿಡಿಯೊ ತೆಗೆದು, ಅಮ್ಮನ ಜೊತೆ ಕೂತು ನೋಡಿ, ಇಲ್ಲಿ ಮಗು ನಿಮ್ಮನ್ನು ನೋಡಿತು, ಇಲ್ಲಿ ನೀವು ಅವಸರ ಮಾಡಿದಿರಿ ಅಂತ ತೋರಿಸುವುದು. ಇದನ್ನು ನೀವೂ ಮಾಡಬಹುದು. ಐದು ನಿಮಿಷ ಮಗುವಿನ ಜೊತೆ ಆಡಿ, ಮನೆಯವರೊಬ್ಬರು ವಿಡಿಯೊ ತೆಗೆಯಲಿ, ರಾತ್ರಿ ನೋಡಿ. ನಾನು ನನ್ನ ಮೊದಲ ವಿಡಿಯೊ ನೋಡಿದಾಗ ಐದು ನಿಮಿಷದಲ್ಲಿ ಮೂವತ್ತು ಪ್ರಶ್ನೆ ಕೇಳಿದ್ದೆ. ಇದೇನು, ಇದು ಯಾವ ಬಣ್ಣ, ಹೇಳು ಹೇಳು ಅಂತ. ಅವನು ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ, ನಾನು ಕೊಡಲು ಬಿಟ್ಟೂ ಇರಲಿಲ್ಲ.

ಹಾಗಾಗಿ ಮೊದಲ ಪಾಠ, ಪ್ರಶ್ನೆ ಕಡಿಮೆ ಮಾಡಿ. ಮಗು ಏನು ಮಾಡುತ್ತಿದೆಯೋ ಅದನ್ನೇ ಸಣ್ಣ ಮಾತಲ್ಲಿ ಹೇಳಿ. ಗಾಲಿ ತಿರುಗಿಸುತ್ತಾ ಕೂತಿದ್ದರೆ ಪಕ್ಕದಲ್ಲಿ ಕೂತು ನೀವೂ ಒಂದು ಗಾಲಿ ತಿರುಗಿಸಿ, "ತಿರುಗ್ತು" ಅನ್ನಿ. ಅದು ಬಿಡು, ಇದು ಆಡು ಅಂತ ಎಳೆಯಬೇಡಿ. ಮೂರು ದಿನ ಕತ್ತೆತ್ತಿಯೂ ನೋಡದಿರಬಹುದು, ನಾಲ್ಕನೇ ದಿನ ನಿಮ್ಮ ಗಾಲಿ ನಿಂತರೆ ನೋಡುತ್ತದೆ.

ಎರಡನೆಯದು, ಕಾಯುವುದು. ನಾವು ಮಗುವಿಗೆ ಹಸಿವು ಅಂತ ಗೊತ್ತಾಗುವ ಮುಂಚೆಯೇ ತಟ್ಟೆ ಹಿಡಿದು ನಿಲ್ಲುತ್ತೇವೆ. ಅದು ಯಾಕೆ ಕೇಳಬೇಕು? ಮಂಡಕ್ಕಿ ಇಷ್ಟ ಅಂದರೆ ಕಾಣುವ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ ಕೈಗೆ ಕೊಡಿ. ತೆಗೆಯಲು ಆಗದೆ ನಿಮ್ಮ ಕಡೆ ನೋಡುತ್ತದೆ, ಇಲ್ಲವೇ ಡಬ್ಬಿ ನಿಮ್ಮ ಕಡೆ ತಳ್ಳುತ್ತದೆ. ಮನಸ್ಸಲ್ಲಿ ಹತ್ತು ಎಣಿಸಿ. ನೋಡಿದರೂ ಸಾಕು, ಒಂದು ಸದ್ದು ಬಂದರೂ ಸಾಕು, "ತೆಗಿ" ಅಂತ ಹೇಳಿ ತೆಗೆದುಕೊಡಿ. ಒಂದು ಹಿಡಿ ಮಾತ್ರ ಕೊಡಿ, ಮತ್ತೆ ಕೇಳಬೇಕಲ್ಲ. ಅಳುವವರೆಗೆ ಕಾಡಿಸಬೇಡಿ ಮಾತ್ರ, ಇದು ಆಟ ಆಗಿರಬೇಕು.

ಜೋಕಾಲಿಯೂ ಹಾಗೇ. "ಒಂದು, ಎರಡು" ಅಂದು ನಿಲ್ಲಿಸಿ, ಮೂರು ಅನ್ನಬೇಡಿ, ಅದರ ಮುಖ ನೋಡಿ. ಸ್ನಾನ ಮಾಡಿಸುವಾಗ ಒಂದು ಚೊಂಬು ನೀರು ಹಾಕಿ ನಿಲ್ಲಿಸಿ. ಅವ್ವ ರೊಟ್ಟಿ ಬಡಿಯುವಾಗ ಅದರ ಕೈಗೂ ಒಂದು ಉಂಡೆ ಹಿಟ್ಟು ಕೊಟ್ಟು ನೀನೊಂದು ಏಟು ನಾನೊಂದು ಏಟು ಅಂತ ಬಡಿಯಿರಿ. ಸರದಿ ಅನ್ನುವುದು ಅಲ್ಲೇ ಕಲಿಯುತ್ತದೆ. ಮಾತು ಅಂದರೂ ಸರದಿಯೇ ಅಲ್ವಾ, ನಾನು ಹೇಳುವುದು, ನೀನು ಹೇಳುವುದು. ಇದಕ್ಕೆ ಸಾವಿರಾರು ರೂಪಾಯಿ ಆಟಿಕೆ ಬೇಕಿಲ್ಲ.

ಇನ್ನೊಂದು, ಕೆಲಸ ಕಲಿಸುವುದು. ಚಡ್ಡಿ ಹಾಕಿಕೊಳ್ಳುವುದು ನಮಗೆ ಒಂದು ಕೆಲಸ, ಅದಕ್ಕೆ ಏಳೆಂಟು ಕೆಲಸ. ಕೊನೆಯಿಂದ ಕಲಿಸಿ. ಎಲ್ಲ ನೀವೇ ಹಾಕಿ, ಸೊಂಟಕ್ಕೆ ಎಳೆದುಕೊಳ್ಳುವ ಕೊನೆಯ ಎಳೆತ ಮಾತ್ರ ಅದಕ್ಕೆ ಬಿಡಿ. ಅದು ಬಂದ ಮೇಲೆ ಮೊಣಕಾಲಿನಿಂದ, ಆಮೇಲೆ ಪಾದದಿಂದ. ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿಗೆ ಸಿಗುತ್ತದೆ. ನಮ್ಮವನಿಗೆ ಚಡ್ಡಿ ಹಾಕಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು, ಶರ್ಟಿನ ಗುಂಡಿಗೆ ಎರಡು ವರ್ಷ.

ದಿನದ ಕೆಲಸಗಳ ಫೋಟೊ ತೆಗೆದು ಗೋಡೆಗೆ ಸಾಲಾಗಿ ಅಂಟಿಸಿ. ಹಲ್ಲುಜ್ಜುವುದು, ಸ್ನಾನ, ತಿಂಡಿ, ಶಾಲೆ. ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದರೆ ಈ ಮಕ್ಕಳಿಗೆ ಅರ್ಧ ಗಾಬರಿ ಕಡಿಮೆ. "ಮೊದಲು ಸ್ನಾನ, ಆಮೇಲೆ ಜೋಕಾಲಿ" ಅಂತ ತೋರಿಸಿ ಹೇಳಿ, ಹೇಳಿದ ಹಾಗೇ ನಡೆದುಕೊಳ್ಳಿ.

ದಿನಕ್ಕೆ ಎಷ್ಟು ಹೊತ್ತು ಕೂರಿಸಬೇಕು?

ಕೂರಿಸುವ ಲೆಕ್ಕ ಬಿಡಿ. ದಿನಕ್ಕೆ ಎರಡು ಸಲ ಹದಿನೈದು ನಿಮಿಷ, ಫೋನ್ ಪಕ್ಕದ ಕೋಣೆಯಲ್ಲಿಟ್ಟು, ನೆಲದ ಮೇಲೆ ಮಗುವಿನ ಎದುರು ಕೂತು ಆಡಿ. ಮಿಕ್ಕಿದ್ದು ಸ್ನಾನ, ಊಟ, ಅಂಗಡಿಗೆ ಹೋಗುವ ದಾರಿ, ಇವುಗಳಲ್ಲೇ ಸೇರಿಸಿ. ಮನೆಯನ್ನು ಟ್ಯೂಷನ್ ಮಾಡಬೇಡಿ, ಮಗುವಿಗೆ ಅಮ್ಮ ಬೇಕು, ಇನ್ನೊಬ್ಬ ಟೀಚರ್ ಬೇಡ.

ಶಾಲೆಯವರು ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ ಅಂತಾರೆ. ಎರಡು ಭಾಷೆ ಆದರೆ ಗೊಂದಲ ಅಂತೆ.

ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ, ಅಧ್ಯಯನಗಳಲ್ಲಿ ಹಾಗೆ ಕಂಡಿಲ್ಲ. ನಿಮ್ಮ ಬಾಯಿಗೆ ತಾನಾಗಿ ಬರುವ ಭಾಷೆಯಲ್ಲೇ ಮಾತಾಡಿ, ಕನ್ನಡ ಇರಲಿ, ಉರ್ದು ಇರಲಿ, ಲಂಬಾಣಿ ಇರಲಿ. "ಕಮ್, ಸಿಟ್, ಈಟ್" ಅಂತ ಮೂರು ಪದದಲ್ಲಿ ಮಗುವಿನ ಜೊತೆ ಮಾತಾಡುವ ಅಜ್ಜಿಯನ್ನು ನೋಡಿದ್ದೇನೆ, ತುಂಬಾ ಸಂಕಟ ಆಯಿತು. ಆ ಅಜ್ಜಿಗೆ ಬರುವ ಕಥೆ, ಲಾಲಿ, "ಆನೆ ಬಂತೊಂದಾನೆ" ಎಲ್ಲ ಆ ಮಗುವಿಗೆ ಸಿಗದೇ ಹೋಯಿತು.

ಚಿತ್ರದ ಕಾರ್ಡ್ ಕೊಟ್ಟರೆ ಮಾತೇ ಬರುವುದಿಲ್ಲ ಅಂತಾರೆ, ನಿಜವಾ?

ಇಲ್ಲ. ಚಿತ್ರ, ಸನ್ನೆ, ಟ್ಯಾಬ್ ಇವು ಮಾತನ್ನು ತಡೆಯುವುದಿಲ್ಲ, ಎಷ್ಟೋ ಮಕ್ಕಳಿಗೆ ಅದರ ಜೊತೆಗೇ ಮಾತು ಬರುತ್ತದೆ. ಮಾತು ಬಾರದಿದ್ದರೂ ನೀರು ಬೇಕು, ಹೊಟ್ಟೆ ನೋವು, ಸಾಕು ಅಂತ ಹೇಳಲು ಒಂದು ದಾರಿ ಬೇಕಲ್ಲ? "ಸಾಕು" ಅನ್ನುವ ಕಾರ್ಡನ್ನು ಮೊದಲೇ ಕಲಿಸಿ. ನಮ್ಮವನು ಅದನ್ನು ಕಲಿತ ಮೇಲೆ ಕಚ್ಚುವುದು ಬಹಳ ಕಡಿಮೆ ಆಯಿತು. ಅಲ್ಲಿಯವರೆಗೆ ಕಚ್ಚುವುದೇ ಅವನ "ಸಾಕು" ಆಗಿತ್ತು.

ಮದುವೆ ಮನೆಯಲ್ಲಿ, ಪೇಟೆಯಲ್ಲಿ ಕಿರುಚಿ ನೆಲಕ್ಕೆ ಬೀಳುತ್ತಾನೆ. ಹಠಕ್ಕೆ ಎರಡು ಬಿಟ್ಟರೆ ಸರಿ ಹೋಗ್ತಾನಾ?

ಹೊಡೆಯಬೇಡಿ. ಹಠ ಬೇರೆ, ಇದು ಬೇರೆ. ಹಠ ಮಾಡುವ ಮಗು ಓರೆಗಣ್ಣಲ್ಲಿ ನಿಮ್ಮನ್ನು ನೋಡುತ್ತಿರುತ್ತದೆ, ಕೇಳಿದ್ದು ಕೊಟ್ಟರೆ ನಿಲ್ಲುತ್ತದೆ. ಇಲ್ಲಿ ಮಗುವಿಗೆ ಸದ್ದು, ಬೆಳಕು, ಜನ ಎಲ್ಲ ಸೇರಿ ತಡೆಯಲಾಗದೆ ಕಟ್ಟೆ ಒಡೆದಿರುತ್ತದೆ, ಏನು ಕೊಟ್ಟರೂ ನಿಲ್ಲುವುದಿಲ್ಲ. ನಮಗೆ ಸಹಜ ಅನ್ನಿಸುವ ಕುಕ್ಕರ್ ಸೀಟಿ, ಮಿಕ್ಸಿ ಕೆಲವು ಮಕ್ಕಳಿಗೆ ಕಿವಿಗೆ ಮೊಳೆ ಹೊಡೆದ ಹಾಗೆ.

ಆ ಹೊತ್ತಲ್ಲಿ ಬುದ್ಧಿ ಹೇಳಬೇಡಿ. ಜನರಿಂದ ಆಚೆ ಕರೆದುಕೊಂಡು ಹೋಗಿ, ಮಾತು ಕಡಿಮೆ ಮಾಡಿ, ಪಕ್ಕದಲ್ಲಿ ಕೂತಿರಿ. ಯಾರಾದರೂ "ಏನಾಯ್ತು" ಅಂದರೆ "ಅವನಿಗೆ ಆಟಿಸಂ ಇದೆ, ಸ್ವಲ್ಪ ಜಾಗ ಬಿಡಿ" ಅನ್ನಿ. ಮುಚ್ಚಿಡುವಂಥದ್ದು ಏನೂ ಇಲ್ಲ. ಆಮೇಲೆ ಮನೆಗೆ ಬಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು. ಹದಿನೈದು ದಿನ ಬರೆದರೆ ಕಾರಣ ತಾನಾಗಿ ಕಾಣುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ಕಂಡದ್ದು ಅಶೋಕ ರಸ್ತೆಯ ರೈಲ್ವೆ ಗೇಟು. ಗೇಟು ಹಾಕಿ ಗಾಡಿಗಳೆಲ್ಲ ಹಾರನ್ ಹೊಡೆಯುವಾಗ ಸಿಕ್ಕಿಕೊಂಡ ದಿನಗಳಲ್ಲೇ ಸಂಜೆ ಗಲಾಟೆ. ದಾರಿ ಬದಲಿಸಿದೆವು.

ದುಗ್ಗಮ್ಮನ ಜಾತ್ರೆಗೆ ಕರೆದುಕೊಂಡು ಹೋಗಬಾರದಾ ಅಂತ ಕೇಳುತ್ತಾರೆ. ಯಾಕೆ ಹೋಗಬಾರದು? ಬೆಳಿಗ್ಗೆ ಬೇಗ, ಡೊಳ್ಳು ಶುರುವಾಗುವ ಮುಂಚೆ ಹೋಗಿ ಕೈ ಮುಗಿದು ಬನ್ನಿ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ. ಹತ್ತು ನಿಮಿಷ ಇದ್ದು ಖುಷಿಯಲ್ಲಿರುವಾಗಲೇ ವಾಪಸ್ ಬಂದರೆ ಮುಂದಿನ ಸಲ ಇಪ್ಪತ್ತು ನಿಮಿಷ ಇರುತ್ತದೆ.

ಬರೀ ಮಂಡಕ್ಕಿ, ಮೊಸರನ್ನ ಬಿಟ್ಟು ಏನೂ ತಿನ್ನಲ್ಲ.

ಇದು ತುಂಬಾ ಮಕ್ಕಳಲ್ಲಿದೆ. ಬಾಯಿಗೆ ತುರುಕಬೇಡಿ. ಹೊಸದನ್ನು ತಟ್ಟೆಯ ಅಂಚಲ್ಲಿ ಸುಮ್ನೆ ಇಡಿ, ಮುಟ್ಟಲಿ, ಮೂಸಲಿ, ನೆಕ್ಕಲಿ, ತಿನ್ನುವುದು ಎಷ್ಟೋ ದಿನದ ಮೇಲೆ. ತೂಕ ಇಳಿಯುತ್ತಿದ್ದರೆ, ಮಲ ಕಟ್ಟುತ್ತಿದ್ದರೆ ಡಾಕ್ಟರಿಗೆ ಹೇಳಿ. ನಿದ್ದೆ ಬಾರದಿದ್ದರೂ ಹೇಳಿ, ಅದಕ್ಕೂ ಉಪಾಯ ಇದೆ. ಕಣ್ಣು ಒಂದೇ ಕಡೆ ನೆಟ್ಟು ನಿಂತುಬಿಡುವುದು, ಕೈಕಾಲು ಅದುರುವುದು ಕಂಡರೆ ತಡ ಮಾಡಬೇಡಿ, ಈ ಮಕ್ಕಳಲ್ಲಿ ಫಿಟ್ಸ್ ಬೇರೆ ಮಕ್ಕಳಿಗಿಂತ ಜಾಸ್ತಿ.

ಸ್ಟೆಮ್ ಸೆಲ್ ಹಾಕಿಸಿದರೆ ಗುಣ ಆಗುತ್ತದಂತೆ, ಜಮೀನು ಮಾರೋಣ ಅಂತಿದ್ದೇವೆ.

ದಯವಿಟ್ಟು ಮಾರಬೇಡಿ. ಆಟಿಸಂಗೆ ಸ್ಟೆಮ್ ಸೆಲ್, ಅಂದರೆ ಆಕರ ಕೋಶ ಚುಚ್ಚುವ ಚಿಕಿತ್ಸೆ ಶಿಫಾರಸು ಮಾಡುವುದಿಲ್ಲ, ಮಾಡಿದರೆ ಅದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿಯೇ 2022ರಲ್ಲಿ ಹೇಳಿದೆ. ದೇಹದ ಲೋಹ ತೆಗೆಯುತ್ತೇವೆ ಅನ್ನುವ ಚಿಕಿತ್ಸೆ, ಆಮ್ಲಜನಕದ ಕೋಣೆ, ಇವಕ್ಕೂ ಆಧಾರ ಇಲ್ಲ, ಮೊದಲನೆಯದರಲ್ಲಿ ಜೀವಕ್ಕೇ ಅಪಾಯ ಇದೆ. ಗೋಧಿ, ಹಾಲು ಬಿಡಿಸುವ ಪಥ್ಯದಿಂದ ಆಟಿಸಂ ಕಡಿಮೆ ಆಗುತ್ತದೆ ಅನ್ನುವುದಕ್ಕೂ ಗಟ್ಟಿ ಪುರಾವೆ ಇಲ್ಲ, ಮೊದಲೇ ನಾಲ್ಕು ಪದಾರ್ಥ ತಿನ್ನುವ ಮಗುವಿನ ತಟ್ಟೆಯಿಂದ ಎರಡು ತೆಗೆದರೆ ಏನು ಉಳಿಯಿತು? ಡಾಕ್ಟರ್ ಕೆಲವೊಮ್ಮೆ ಮಾತ್ರೆ ಕೊಡುತ್ತಾರೆ, ಅದು ತನಗೇ ಹೊಡೆದುಕೊಳ್ಳುವುದು, ವಿಪರೀತ ಸಿಟ್ಟು, ನಿದ್ದೆ ಇಂಥವಕ್ಕೆ.

ದೇವರಿಗೆ ಹರಕೆ ಹೊರುವುದಕ್ಕೆ ನಾನು ಬೇಡ ಅನ್ನುವುದಿಲ್ಲ, ನಾವೂ ಹೊತ್ತಿದ್ದೇವೆ. ಹರಕೆಯ ಜೊತೆ ಥೆರಪಿ ನಿಲ್ಲಿಸಬೇಡಿ ಅಷ್ಟೇ. ಬೆಂಕಿ ತಾಗಿಸುವುದು, ಬರೆ ಹಾಕುವುದು ಅಂತ ಯಾರಾದರೂ ಹೇಳಿದರೆ ಆ ಹೊಸ್ತಿಲು ಮತ್ತೆ ತುಳಿಯಬೇಡಿ.

ಅಪ್ಪಂದಿರು ಏನು ಮಾಡಬೇಕು? ನಮಗೆ ದುಡಿಮೆಯೇ ಸಾಕಾಗಿದೆ.

ದುಡಿಮೆ ಬೇಕು, ಒಪ್ಪುತ್ತೇನೆ. ಆದರೆ ದಿನದ ಒಂದು ಕೆಲಸ ಪೂರ್ತಿ ನಿಮ್ಮದಾಗಲಿ. ನಾನು ರಾತ್ರಿ ಸ್ನಾನ ತೆಗೆದುಕೊಂಡೆ, ಭಾನುವಾರ ಕುಂದವಾಡ ಕೆರೆಯ ಏರಿ ಮೇಲೆ ನಡೆಸುವುದು ತೆಗೆದುಕೊಂಡೆ. ಆ ಒಂದು ಗಂಟೆ ನನ್ನ ಹೆಂಡತಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು. ಅಜ್ಜ ಅಜ್ಜಿಗೆ ಭಾಷಣ ಮಾಡಬೇಡಿ, ಒಂದು ಆಟ ಒಪ್ಪಿಸಿ. ನಮ್ಮ ಅವ್ವ ಅವರೆಕಾಯಿ ಸುಲಿಯುವಾಗ ಇವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಳು ಎಣಿಸಿ ಎಣಿಸಿ ಹತ್ತರವರೆಗೆ ಕಲಿಸಿದರು. ಯಾವ ಸೆಂಟರಿನಲ್ಲೂ ಅದು ಬಂದಿರಲಿಲ್ಲ.

ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದನ್ನು ಕಾವಲುಗಾರ ಮಾಡಬೇಡಿ. ವಾರಕ್ಕೊಂದು ಸಲ ಆ ಮಗುವನ್ನು ಮಾತ್ರ ಕರೆದುಕೊಂಡು ಬೆಣ್ಣೆ ದೋಸೆ ತಿನ್ನಲು ಹೋಗಿ. ಅದಕ್ಕೂ ನಿಮ್ಮ ಹತ್ತಿರ ಹೇಳುವುದು ಇರುತ್ತದೆ. ಇನ್ನು, ಅಣ್ಣ ಅಥವಾ ಅಕ್ಕನಿಗೆ ಆಟಿಸಂ ಇದ್ದರೆ ತಮ್ಮ ತಂಗಿಯರಲ್ಲೂ ಬರುವ ಸಾಧ್ಯತೆ ಬೇರೆ ಮನೆಗಳಿಗಿಂತ ಜಾಸ್ತಿ, ಹೊರಗಿನ ದೇಶದ ಅಧ್ಯಯನಗಳಲ್ಲಿ ಸುಮಾರು ಐದರಲ್ಲಿ ಒಂದು. ಚಿಕ್ಕ ಮಗುವನ್ನು ಮೊದಲಿನಿಂದಲೇ ಗಮನಿಸಿ.

ಮಗು ಕಣ್ಣು ತಪ್ಪಿಸಿ ಓಡಿಹೋಗುತ್ತದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಮಕ್ಕಳಲ್ಲಿ ತುಂಬಾ ಜನಕ್ಕೆ ನೀರು ಅಂದರೆ ಸೆಳೆತ, ಅಪಾಯದ ಅರಿವು ಕಡಿಮೆ. ನಮ್ಮ ಸುತ್ತ ಭದ್ರಾ ನಾಲೆ ಹರಿಯುತ್ತದೆ, ಕೆರೆ, ಕೃಷಿ ಹೊಂಡ ಇವೆ. ಮಗು ಕಾಣದಿದ್ದರೆ ಮೊದಲು ಓಡಬೇಕಾದ್ದು ನೀರಿನ ಕಡೆ, ನೆಂಟರ ಮನೆ ಆಮೇಲೆ ಹುಡುಕಿ. ಬಾಗಿಲಿಗೆ ಮೇಲೆ ಚಿಲಕ ಹಾಕಿಸಿ. ಅಂಗಿಯ ಒಳಗೆ ನಿಮ್ಮ ಫೋನ್ ನಂಬರ್ ಹೊಲಿಸಿ. ಬೀದಿಯ ಅಂಗಡಿಯವರಿಗೆ, ಆಟೊ ಸ್ಟ್ಯಾಂಡಿನವರಿಗೆ ಮಗುವಿನ ಫೋಟೊ ತೋರಿಸಿ ಹೇಳಿಟ್ಟಿರಿ. ನಮ್ಮವನನ್ನು ಒಮ್ಮೆ ಹಿಡಿದು ಕೂರಿಸಿಕೊಂಡಿದ್ದು ಮಿರ್ಚಿ ಮಾಡುವ ಅಂಗಡಿಯ ಹುಡುಗ.

ಶಾಲೆಯವರು ಸೇರಿಸಿಕೊಳ್ಳುವುದಿಲ್ಲ ಅಂತಾರೆ.

ನಮಗೆ ಒಂದು ಶಾಲೆ "ಬೇರೆ ಪೋಷಕರು ಒಪ್ಪಲ್ಲ" ಅಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ನಿಮಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಹಕ್ಕು. ಬಾಯಿಮಾತಲ್ಲಿ ಇಲ್ಲ ಅಂದರೆ ಬರೆದುಕೊಡಿ ಅಂತ ಕೇಳಿ, ತಾಲ್ಲೂಕಿನ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಅರ್ಜಿ ಕೊಡಿ. ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಬಿಐಇಆರ್‌ಟಿ ಅಂತ ವಿಶೇಷ ಮಕ್ಕಳಿಗೆ ಇರುವ ಸಂಪನ್ಮೂಲ ಶಿಕ್ಷಕರನ್ನೂ ಕಾಣಿ.

ಸೇರಿಸಿದ ಮೇಲೆ ಟೀಚರಿಗೆ ಒಂದು ಪುಟ ಬರೆದುಕೊಡಿ. ಮಗುವಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತದೆ, ಮೂತ್ರಕ್ಕೆ ಹೋಗಬೇಕಾದರೆ ಹೇಗೆ ಹೇಳುತ್ತದೆ, ಗಾಬರಿಯಾದಾಗ ಏನು ಮಾಡಬೇಕು. ಅರವತ್ತು ಮಕ್ಕಳ ನಡುವೆ ಒದ್ದಾಡುವ ಟೀಚರಿಗೆ ಈ ಒಂದು ಪುಟ ದೊಡ್ಡ ಉಪಕಾರ. ಜಗಳಕ್ಕೆ ಮೊದಲು ಇದನ್ನು ಮಾಡಿ.

ಕಾರ್ಡ್, ಸೌಲಭ್ಯ ಏನೇನಿದೆ?

ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಿ, ಅರ್ಜಿ ಆನ್‌ಲೈನ್. ಆಸ್ಪತ್ರೆಯಲ್ಲಿ 40 ಅಂಶ ಇರುವ ಭಾರತದ್ದೇ ಅಳತೆಪಟ್ಟಿ ಇಟ್ಟುಕೊಂಡು ನೋಡುತ್ತಾರೆ. "ಕಾರ್ಡ್ ಮಾಡಿಸಿದರೆ ಹಣೆಪಟ್ಟಿ ಹಚ್ಚಿದ ಹಾಗೆ" ಅಂತ ನಾವೂ ಮೂರು ವರ್ಷ ಹಿಂದೆ ಮುಂದೆ ನೋಡಿದೆವು. ಮಾಡಿಸಿದ್ದರಿಂದ ಆಗಿದ್ದು ಒಳ್ಳೆಯದೇ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷದವರೆಗೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ. ತೆರಿಗೆ ಕಟ್ಟುವವರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಆದಾಯದಿಂದ 75,000 ರೂಪಾಯಿ, ಅಂಗವೈಕಲ್ಯ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ. ಪಿಂಚಣಿ ಮತ್ತಿತರ ರಾಜ್ಯದ ಯೋಜನೆಗಳಿಗೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ಎಸ್ಸೆಸ್ಸೆಲ್ಸಿಯಲ್ಲೂ ಹೆಚ್ಚಿನ ಸಮಯ, ಬರೆಯುವವರ ಸಹಾಯ ಸಿಗುತ್ತದೆ, ಶಾಲೆಯ ಮೂಲಕ ಮೊದಲೇ ಅರ್ಜಿ ಹಾಕಬೇಕು.

ನನಗೇ ಸಾಕಾಗಿಹೋಗಿದೆ. ರಾತ್ರಿ ಅಳು ಬರುತ್ತದೆ.

ಅಳಿ. ಅದರಲ್ಲಿ ತಪ್ಪೇನಿಲ್ಲ. ಆದರೆ ವಾರಗಟ್ಟಲೆ ನಿದ್ದೆ ಊಟ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಒಬ್ಬರೇ ಇಟ್ಟುಕೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರ ಹತ್ತಿರವೂ ಮಾತಾಡಿ. ದೆಹಲಿಯಲ್ಲಿ ಮೆರಿ ಬರುವಾ ಅನ್ನುವ ತಾಯಿ 1991ರಲ್ಲಿ ಆ್ಯಕ್ಷನ್ ಫಾರ್ ಆಟಿಸಂ ಶುರು ಮಾಡಿದ್ದು ತಮ್ಮ ಮಗನಿಗೋಸ್ಕರ, ಈಗ ಅಲ್ಲಿ ದೇಶದ ಮೂಲೆ ಮೂಲೆಯಿಂದ ಬಂದ ಅಪ್ಪ ಅಮ್ಮಂದಿರು ಕಲಿತು ಹೋಗುತ್ತಾರೆ. ನಾವು ಇಲ್ಲಿ ಆರು ಮನೆಯವರು ತಿಂಗಳಿಗೊಂದು ಭಾನುವಾರ ಗಾಜಿನ ಮನೆ ಹತ್ತಿರ ಸೇರುತ್ತೇವೆ. ಮಕ್ಕಳು ಅವರವರ ಪಾಡಿಗೆ ಓಡುತ್ತವೆ, ಯಾರೂ ಯಾರನ್ನೂ ದುರುಗುಟ್ಟಿ ನೋಡುವುದಿಲ್ಲ.

ನಾವು ಸತ್ತ ಮೇಲೆ ಯಾರು?

ಇದಕ್ಕೆ ಮನಸ್ಸು ಮುಟ್ಟುವ ಉತ್ತರ ನನ್ನ ಹತ್ತಿರ ಇಲ್ಲ, ಕೆಲಸಕ್ಕೆ ಬರುವ ಉತ್ತರ ಇದೆ. 18 ತುಂಬಿದ ಮೇಲೆ ಕಾನೂನಿನ ಕಣ್ಣಲ್ಲಿ ನೀವು ತಾನಾಗಿ ಪೋಷಕರಲ್ಲ (ಗಾರ್ಡಿಯನ್ ಅಲ್ಲ). ಮಗುವಿಗೆ ತನ್ನ ವ್ಯವಹಾರ ನೋಡಿಕೊಳ್ಳಲು ಆಗದಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸಮಿತಿಗೆ ಪೋಷಕತ್ವಕ್ಕೆ ಅರ್ಜಿ ಹಾಕಬೇಕು. ಮನೆ, ಜಮೀನಿನ ಉಯಿಲು ಬರೆಸಿಡಿ. ಮತ್ತೆ ಇವತ್ತಿನಿಂದಲೇ ತಟ್ಟೆ ತೊಳೆಯುವುದು, ಬಟ್ಟೆ ಮಡಚುವುದು, ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಸಾಮಾನು ತರುವುದು ಕಲಿಸುತ್ತಾ ಬನ್ನಿ.

ನಿಮ್ಮ ಮಗ ಈಗ ಮಾತಾಡುತ್ತಾನಾ?

ಸಣ್ಣ ಸಣ್ಣ ವಾಕ್ಯ. ಗಾಬರಿಯಾದರೆ ಈಗಲೂ ಕಾರ್ಡ್ ಹಿಡಿಯುತ್ತಾನೆ. ಶನಿವಾರ ನನ್ನ ಜೊತೆ ಅಂಗಡಿಗೆ ಬರುತ್ತಾನೆ, ಮೆಕ್ಕೆಜೋಳದ ಬೀಜದ ಪೊಟ್ಟಣಗಳನ್ನು ಒಂದೂ ಹೆಚ್ಚು ಕಡಿಮೆ ಆಗದ ಹಾಗೆ ಹತ್ತು ಹತ್ತು ಜೋಡಿಸುತ್ತಾನೆ. ಹೋದ ಶನಿವಾರ ಆನಗೋಡು ಕಡೆಯ ರೈತರೊಬ್ಬರು "ಎಷ್ಟಪ್ಪಾ ಇದು?" ಅಂತ ಅವನನ್ನೇ ಕೇಳಿದರು. ನಾನು ಬಾಯಿ ತೆರೆದವನು ಮುಚ್ಚಿಕೊಂಡೆ, ಮನಸ್ಸಲ್ಲಿ ಹತ್ತು ಎಣಿಸಿದೆ. ಏಳಕ್ಕೆ ಬರುವಾಗ ಅವನು ಪೊಟ್ಟಣ ತಿರುಗಿಸಿ, ಬೆಲೆ ಓದಿ ಹೇಳಿದ.